ಪಕ್ಷದೊಳಗಣ ವಾದ: ನಾಯಕತ್ವದ ಸ್ಪರ್ಧೆಯನ್ನು ಓದುವ ಬಗೆ



ಐಚ್ಛಿಕ ಕನ್ನಡದ ತರಗತಿಯಲ್ಲಿ ರಾಜಕೀಯ ಪಕ್ಷಗಳ ನಾಯಕತ್ವದ ಸ್ಪರ್ಧೆಗೆ ಏನು ಕೆಲಸ ಎಂಬ ಪ್ರಶ್ನೆ ನಿಮ್ಮಲ್ಲಿ ಏಳಬಹುದು. ಮತಗಳ ಲೆಕ್ಕಾಚಾರವು ರಾಜ್ಯಶಾಸ್ತ್ರದ ವಿಷಯ, ನಿಜ. ಆದರೆ ಒಂದೇ ಪಕ್ಷದ ಇಬ್ಬರು ಒಂದೇ ಸ್ಥಾನವನ್ನು ಬಯಸಿ ನಿಂತಾಗ ತಮ್ಮ ಹಕ್ಕನ್ನು ಯಾವ ಮಾತಿನಿಂದ ಸ್ಥಾಪಿಸುತ್ತಾರೆ, ಅಥವಾ ಮಾತನ್ನೇ ಆಡದೆ ಹೇಗೆ ಸಾಧಿಸುತ್ತಾರೆ ಎಂಬುದು ಭಾಷೆಯ ವಿಷಯವೂ ಹೌದು. ವಾದವನ್ನು ಬಿಡಿಸಿ ನೋಡುವ ವಿದ್ಯೆ ನಮ್ಮ ಕಾವ್ಯ-ಶಾಸ್ತ್ರಗಳ ಅಭ್ಯಾಸದಲ್ಲಿಯೇ ಇದೆ. ಆ ವಿದ್ಯೆಯನ್ನು ನಮ್ಮ ಕಾಲದ ಒಂದು ಸಂಗತಿಗೆ ಹಚ್ಚಿ ನೋಡುವುದು ಈ ಪಾಠದ ಉದ್ದೇಶ.

1. ಪದವಿಚಾರ

ಮೊದಲು 'ಪಕ್ಷ' ಎಂಬ ಪದವನ್ನು ಗಮನಿಸಿರಿ. ರೆಕ್ಕೆ, ತಿಂಗಳ ಅರ್ಧಭಾಗ, ವಾದದಲ್ಲಿ ಒಬ್ಬನು ಹಿಡಿದ ನಿಲುವು ಇವೆಲ್ಲ ಅದರ ಹಳೆಯ ಅರ್ಥಗಳು. ಶುಕ್ಲಪಕ್ಷ, ಪೂರ್ವಪಕ್ಷ, ಪಕ್ಷಪಾತ ಎಂಬ ಸಮಾಸಗಳಲ್ಲಿ ಅವು ಇಂದಿಗೂ ಉಳಿದಿವೆ. ಚುನಾವಣೆಗೆ ನಿಲ್ಲುವ ಸಂಘಟನೆಗೆ ಈ ಪದವು ಸಂದದ್ದು ಆಧುನಿಕ ಕಾಲದಲ್ಲಿ. ಕನ್ನಡವೂ ಮರಾಠಿಯೂ ಇದೇ ಪದವನ್ನು ಆರಿಸಿಕೊಂಡವು. ಪಕ್ಷ ಎಂದರೆ ಒಂದು ನಿಲುವನ್ನು ಹಿಡಿದವರ ಗುಂಪು ಎಂಬ ಭಾವ ಈ ಆಯ್ಕೆಯ ಹಿಂದೆ ಇದೆ.

ಎರಡನೆಯ ಪದ 'ವಾದ'. ಇಲ್ಲಿ ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ವಿದ್ಯಾರ್ಥಿಗಳು ವಿಶೇಷ ಎಚ್ಚರ ವಹಿಸಬೇಕು. ಮರಾಠಿಯಲ್ಲಿ 'ವಾದ' ಎಂದಾಗ ತಂಟೆ, ವ್ಯಾಜ್ಯ ಎಂಬ ಅರ್ಥವೇ ಅನೇಕ ಸಲ ಮುಂದಾಗುತ್ತದೆ. ಮರಾಠಿ ಪತ್ರಿಕೆಗಳು 'ಸೀಮಾವಾದ' ಎನ್ನುವುದನ್ನು ಕನ್ನಡ ಪತ್ರಿಕೆಗಳು 'ಗಡಿ ವಿವಾದ' ಎನ್ನುತ್ತವೆ. ಕನ್ನಡದಲ್ಲಿ 'ವಾದ' ಎಂದರೆ ಮುಖ್ಯವಾಗಿ ಕಾರಣ ಕೊಟ್ಟು ಆಡಿದ ಮಾತು. 'ವಿ' ಎಂಬ ಉಪಸರ್ಗ ಸೇರಿದಾಗಲೇ ಅದು ಜಗಳದ ಕಡೆಗೆ ವಾಲುತ್ತದೆ. ಕಾಲೇಜುಗಳಲ್ಲಿ ಮರಾಠಿಯವರು 'ವಾದವಿವಾದ ಸ್ಪರ್ಧೆ' ಎಂದು ಕರೆಯುವುದು ನಮ್ಮಲ್ಲಿ 'ಚರ್ಚಾಸ್ಪರ್ಧೆ'. ಪಕ್ಷದೊಳಗೆ ವಾದ ನಡೆಯಿತು ಎಂಬ ಒಂದೇ ವಾಕ್ಯವನ್ನು ಮರಾಠಿಯ ಕಿವಿ ಒಡಕಿನ ಸುದ್ದಿ ಎಂದು ಕೇಳಬಹುದು, ಕನ್ನಡದ ಕಿವಿ ಚರ್ಚೆಯ ಸುದ್ದಿ ಎಂದು ಕೇಳಬಹುದು. ಈ ಎರಡು ಕೇಳ್ಮೆಗಳ ನಡುವಣ ಅಂತರವೇ ಇಂದಿನ ನಮ್ಮ ವಿಷಯ.

ಮೂರನೆಯದು ಸ್ಪರ್ಧಿಯ ಹೆಸರು. ನಮ್ಮ ಭಾಗದ ಆಡುಮಾತಿನಲ್ಲಿ ಅವನು 'ಉಮೇದುವಾರ', ಗ್ರಂಥದಲ್ಲಿ 'ಅಭ್ಯರ್ಥಿ'. ಮೊದಲ ಪದದಲ್ಲಿ ಆಸೆಯಿದೆ, ಎರಡನೆಯದರಲ್ಲಿ ಬೇಡಿಕೆಯಿದೆ. ಆಸೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. ಬೇಡುವವನು ಬಾಯಿ ತೆರೆಯಲೇಬೇಕು.

2. ವಾದ, ಜಲ್ಪ, ವಿತಂಡೆ

ಗೌತಮನ ನ್ಯಾಯಸೂತ್ರವು ಮಾತಿನ ಸ್ಪರ್ಧೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಸತ್ಯನಿರ್ಣಯಕ್ಕಾಗಿ, ಒಪ್ಪಿತ ಸಿದ್ಧಾಂತಕ್ಕೆ ವಿರೋಧ ಬಾರದಂತೆ, ಪ್ರಮಾಣ ಮತ್ತು ತರ್ಕಗಳಿಂದ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ಛಲಾದಿಗಳನ್ನೂ ಬಳಸುವುದು ಜಲ್ಪ. ಇಲ್ಲಿ ಛಲವೆಂದರೆ ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಹಚ್ಚುವುದು. ತನ್ನದೆಂಬ ನಿಲುವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಷ್ಟೇ ವಿತಂಡೆ.

ಒಂದೇ ಪಕ್ಷದೊಳಗಿನ ನಾಯಕತ್ವದ ಸ್ಪರ್ಧೆಯು 'ವಾದ'ದ ಲಕ್ಷಣಕ್ಕೆ ಸಹಜವಾಗಿ ಹೊಂದುತ್ತದೆ. ಇಬ್ಬರಿಗೂ ಸಿದ್ಧಾಂತ ಒಂದೇ, ಧ್ವಜ ಒಂದೇ. ಉಳಿದ ಪ್ರಶ್ನೆ: ಆ ಸಿದ್ಧಾಂತವನ್ನು ಈಗ ನಡೆಸಿಕೊಂಡು ಹೋಗಲು ಯಾರು ತಕ್ಕವರು, ಏಕೆ? ಇದನ್ನು ನ್ಯಾಯಶಾಸ್ತ್ರದ ಐದು ಅವಯವಗಳಲ್ಲಿ ಇಡಬಹುದು. ಈತನು ನಾಯಕನಾಗಲು ತಕ್ಕವನು ಎಂಬುದು ಪ್ರತಿಜ್ಞೆ. ಬರಗಾಲದಲ್ಲಿ ಆಡಳಿತ ನಡೆಸಿದ ಅನುಭವವಿರುವುದರಿಂದ ಎಂಬುದು ಹೇತು. ಅಂತಹ ಅನುಭವವುಳ್ಳವರು ಕಷ್ಟಕಾಲದಲ್ಲಿ ರಾಜ್ಯವನ್ನು ನಿಭಾಯಿಸುತ್ತಾರೆ, ಇಂಥವರು ನಿಭಾಯಿಸಿದಂತೆ ಎಂಬುದು ಉದಾಹರಣೆ. ಈತನೂ ಅಂಥವನು ಎಂಬುದು ಉಪನಯ. ಆದುದರಿಂದ ತಕ್ಕವನು ಎಂಬುದು ನಿಗಮನ. ಇವುಗಳಲ್ಲಿ ಜೀವಾಳ ಹೇತು. ಹೇತುವನ್ನು ಬಾಯಿಬಿಟ್ಟು ಹೇಳಿದಾಗಲೇ ಅದನ್ನು ಪರೀಕ್ಷಿಸಲು ಬರುತ್ತದೆ.

3. ಪಂಪನ ಸಭೆಯಲ್ಲಿ

ಪಕ್ಷದೊಳಗಿನ ನಾಯಕತ್ವದ ಚರ್ಚೆಗೆ ಕನ್ನಡ ಕಾವ್ಯದಲ್ಲಿಯೇ ಉಜ್ವಲ ನಿದರ್ಶನವಿದೆ. ಕ್ರಿ.ಶ. 941ರ ಹೊತ್ತಿಗೆ ರಚಿತವಾದ ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಸಂದರ್ಭವನ್ನು ನೆನೆಯಿರಿ. ಅದು ಕೌರವರ ಪಕ್ಷದ ಸಭೆ, ಶತ್ರುಗಳು ಅಲ್ಲಿಲ್ಲ. ಕರ್ಣನು ಎದ್ದು ಆಕ್ಷೇಪಿಸುತ್ತಾನೆ. ಅವನ ಹೇತು ಮುಪ್ಪು: ಇಷ್ಟು ವಯಸ್ಸಾದವನಿಗೆ ಪಟ್ಟವೇತಕ್ಕೆ? ದ್ರೋಣನು ಸಿಟ್ಟಾಗುತ್ತಾನೆ. ಆದರೆ ಅವನ ಉತ್ತರವು ಹೇತುವನ್ನು ಬಿಟ್ಟು ಆಡಿದವನ ಕುಲಕ್ಕೆ ಕೈಹಾಕುತ್ತದೆ. ಕರ್ಣನು ಕುಲವೆಂದರೆ ಹುಟ್ಟೋ ಗುಣವೋ ಎಂದು ಮರುಮಾತನಾಡುತ್ತಾನೆ. ಕೊನೆಗೆ ಭೀಷ್ಮನು ಶಾಂತವಾಗಿ, ಯೌವನವೂ ತೋಳ್ಬಲವೂ ನಿನಗಿರುವಷ್ಟು ತನಗಿಲ್ಲವೆಂದು ಒಪ್ಪಿ, ರಣರಂಗದಲ್ಲಿ ನಿನಗೂ ಸರದಿ ಬರುತ್ತದೆ ಎನ್ನುತ್ತಾನೆ.

ಈ ಪ್ರಸಂಗದ ಸೌಂದರ್ಯವನ್ನು ನಾವು ಅನೇಕ ಸಲ ಕೊಂಡಾಡಿದ್ದೇವೆ. ವಾದದ ದೃಷ್ಟಿಯಿಂದ ನೋಡಿದರೆ ಮೂರು ಹಂತಗಳು ಕಾಣುತ್ತವೆ. ಕರ್ಣನ ಹೇತು ಕಠೋರವಾದರೂ ವಿಷಯಕ್ಕೆ ಸಂಬಂಧಿಸಿದ್ದು. ದ್ರೋಣನ ಉತ್ತರ ವಿಷಯವನ್ನು ಬಿಟ್ಟು ವ್ಯಕ್ತಿಗೆ ತಗಲುತ್ತದೆ. ವಾದವು ಜಲ್ಪಕ್ಕೆ ಇಳಿಯುವುದು ಅಲ್ಲಿ. ಭೀಷ್ಮನ ಮಾತು ಎದುರಾಳಿಯ ಹೇತುವನ್ನು ಎದುರಿಸುತ್ತದೆ. ವಾದವು ಮತ್ತೆ ಮೇಲೇಳುವುದು ಅಲ್ಲಿ. ಮುಖ್ಯವಾದ ಸಂಗತಿ, ಇದೆಲ್ಲ ನಡೆದದ್ದು ತುಂಬಿದ ಸಭೆಯಲ್ಲಿ. ಆದುದರಿಂದಲೇ ಓದುಗರಾದ ನಾವು ಇಂದಿಗೂ ಯಾರು ಏನು ಕಾರಣ ಕೊಟ್ಟರು ಎಂದು ತೂಗಿ ನೋಡಬಲ್ಲೆವು.

4. ಮುಂಬಯಿ 1956, ಮೈಸೂರು 1958

ಕಾವ್ಯದ ಸಭೆಯಿಂದ ನಮ್ಮ ಪ್ರಾಂತದ ಶಾಸಕರ ಸಭೆಗೆ ಬರೋಣ. 1956ರ ನವೆಂಬರ್ 1ರ ಮೊದಲು ಸೊಲ್ಲಾಪುರವೂ ವಿಜಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆ ದಿನದಿಂದ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟಗಳು ವಿಶಾಲ ದ್ವಿಭಾಷಿಕ ಮುಂಬಯಿ ರಾಜ್ಯದಲ್ಲಿ ಉಳಿದವು. ಆ ರಾಜ್ಯದ ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕ ಯಾರಾಗಬೇಕೆಂಬ ಪ್ರಶ್ನೆ ಎದ್ದಾಗ ಮೊರಾರ್ಜಿ ದೇಸಾಯಿಯವರು ಸರ್ವಾನುಮತದ ಆಯ್ಕೆಯನ್ನು ಬಯಸಿದರು. ಭಾವುಸಾಹೇಬ ಹಿರೇ ಸ್ಪರ್ಧೆಗೆ ನಿಂತರು, ಮೊರಾರ್ಜಿ ಹಿಂದೆ ಸರಿದರು, ಯಶವಂತರಾವ ಚವ್ಹಾಣರು ಹಿರೇಯವರನ್ನು ಸೋಲಿಸಿ ಮುಖ್ಯಮಂತ್ರಿಯಾದರು.

ಎರಡು ವರ್ಷಗಳೊಳಗೆ ಮೈಸೂರು ರಾಜ್ಯದಲ್ಲಿಯೂ ಅಂತಹದೇ ಸಂದರ್ಭ ಬಂದಿತು. 1958ರಲ್ಲಿ ಎಸ್. ನಿಜಲಿಂಗಪ್ಪನವರು ಸ್ಥಾನ ಬಿಟ್ಟಾಗ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಹಾಗೂ ಟಿ. ಸುಬ್ರಹ್ಮಣ್ಯ ನಾಯಕತ್ವಕ್ಕೆ ಸ್ಪರ್ಧಿಸಿದರು. ಜತ್ತಿಯವರು ಗೆದ್ದು ಮೇ 16ರಂದು ಮುಖ್ಯಮಂತ್ರಿಯಾದರು. ಅವರು ಜಮಖಂಡಿ ಸಂಸ್ಥಾನದಲ್ಲಿಯೂ ಮುಂಬಯಿ ಸರಕಾರದಲ್ಲಿಯೂ ಅಧಿಕಾರ ನಡೆಸಿದವರು. ಭೂಸುಧಾರಣಾ ಸಮಿತಿಯ ಅಧ್ಯಕ್ಷರೂ ಆಗಿದ್ದವರು. 1961ರ ಮೈಸೂರು ಭೂಸುಧಾರಣಾ ಕಾಯ್ದೆಗೆ ಆ ಸಮಿತಿಯ ವರದಿ ಆಧಾರವಾಯಿತು.

ಎರಡೂ ಕಡೆ ಮತದಾನವಾಯಿತು. ಅದು ಪ್ರಜಾಪ್ರಭುತ್ವಕ್ಕೆ ಶೋಭೆ ತಂದ ಸಂಗತಿ. ಆದರೆ ಮತ ಕೊಟ್ಟವರು ಶಾಸಕರು ಮಾತ್ರ, ಮತ್ತು ಸ್ಪರ್ಧಿಗಳು ಜನರೆದುರು ನಿಂತು ಪರಸ್ಪರ ಚರ್ಚಿಸುವುದು ಆ ಪದ್ಧತಿಯ ಅಂಗವಾಗಿರಲಿಲ್ಲ. ನಾಯಕತ್ವದ ಪ್ರಶ್ನೆಯನ್ನು ಗೇಣಿದಾರನ ಪ್ರಶ್ನೆಗೆ ಜೋಡಿಸಿ ಇಬ್ಬರೂ ಬಹಿರಂಗವಾಗಿ ಮಾತನಾಡುವ ರೂಢಿ ಇದ್ದಿದ್ದರೆ, ಉಳುವವನಿಗೆ ಏನು ಬರಲಿದೆ ಎಂಬುದರ ಚರ್ಚೆ ಆಯ್ಕೆಯ ಹೊತ್ತಿನಲ್ಲಿಯೇ ಹೊಲದ ಬದುವಿನವರೆಗೆ ಹಬ್ಬುತ್ತಿತ್ತು.

5. 2022: ಎರಡು ಸ್ಪರ್ಧೆಗಳು

ಪ್ರಾಂತದ ಮೇರೆಯನ್ನು ದಾಟಿ ನೋಡಿದರೆ 2022ನೆಯ ವರ್ಷ ಒಳ್ಳೆಯ ಹೋಲಿಕೆಯನ್ನು ಒದಗಿಸುತ್ತದೆ. ಅಕ್ಟೋಬರ್ 17ರಂದು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷಸ್ಥಾನಕ್ಕೆ ಮತದಾನವಾಯಿತು. ಅಕ್ಕಲಕೋಟದ ನೆರೆಯ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಒಂದು ಕಡೆ, ತಿರುವನಂತಪುರದ ಸಂಸದ ಶಶಿ ತರೂರ್ ಇನ್ನೊಂದು ಕಡೆ. ತರೂರರು ತಮ್ಮದೊಂದು ಪ್ರಣಾಳಿಕೆಯನ್ನು ಪ್ರಕಟಿಸಿ ಬಹಿರಂಗ ಚರ್ಚೆಗೆ ಸಿದ್ಧವೆಂದರು. ಇದು ತಮ್ಮಿಬ್ಬರ ನಡುವಣ ಹೋರಾಟವಲ್ಲ, ಇಬ್ಬರೂ ಕೂಡಿ ಎದುರು ಪಕ್ಷದೊಡನೆ ಹೋರಾಡಬೇಕು ಎಂಬುದು ಖರ್ಗೆಯವರ ನಿಲುವು. ಮುಖಾಮುಖಿ ಚರ್ಚೆ ನಡೆಯಲಿಲ್ಲ. ಖರ್ಗೆಯವರಿಗೆ 7,897 ಮತಗಳೂ ತರೂರರಿಗೆ 1,072 ಮತಗಳೂ ಬಂದವು.

ಅದೇ ವರ್ಷ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದಲ್ಲಿ ಲಿಜ್ ಟ್ರಸ್ ಮತ್ತು ರಿಷಿ ಸುನಕ್ ನಾಯಕತ್ವಕ್ಕಾಗಿ ದೂರದರ್ಶನದ ವೇದಿಕೆಗಳಲ್ಲಿ ಎದುರುಬದುರು ನಿಂತು ವಾದಿಸಿದರು. ಸಾಲ ಮಾಡಿ ತೆರಿಗೆ ಇಳಿಸಿದರೆ ಬೆಲೆಯೂ ಬಡ್ಡಿಯೂ ಏರುತ್ತವೆ ಎಂಬುದು ಸುನಕರ ಹೇತು. ಪಕ್ಷದ ಸದಸ್ಯರು ಅದನ್ನು ಒಪ್ಪಲಿಲ್ಲ. 81,326 ಮತಗಳಿಂದ ಟ್ರಸ್ ಗೆದ್ದರು, ಸುನಕರಿಗೆ 60,399 ಮತಗಳು. ಸೆಪ್ಟೆಂಬರ್ 23ರಂದು ಟ್ರಸ್ ಸರಕಾರ ತೆರಿಗೆ ಕಡಿತವನ್ನು ಘೋಷಿಸಿತು, ಹಣಕಾಸಿನ ಪೇಟೆ ತಲ್ಲಣಿಸಿತು, ಅಕ್ಟೋಬರ್ 20ರಂದು ಅವರು ರಾಜೀನಾಮೆಯನ್ನು ಸಾರಿದರು. ಅಕ್ಟೋಬರ್ 25ರಂದು ಸುನಕ್ ಪ್ರಧಾನಿಯಾದರು.

ಇದರಿಂದ ಬಹಿರಂಗ ಚರ್ಚೆ ಸರಿಯಾದ ನಾಯಕನನ್ನು ಆರಿಸಿಕೊಡುತ್ತದೆ ಎಂದು ಹೇಳಲು ಬರುವುದಿಲ್ಲ. ಚರ್ಚೆ ಕೇಳಿದ ಮೇಲೆಯೂ ಸದಸ್ಯರು ಟ್ರಸ್ಸರನ್ನೇ ಆರಿಸಿದರು. ಹೇಳಬಹುದಾದದ್ದು ಇಷ್ಟು: ಸೋತವನ ಹೇತುವೂ ಜನರ ನೆನಪಿನಲ್ಲಿ ದಾಖಲಾಗಿ ಉಳಿಯಿತು. ತಪ್ಪು ಯಾವುದೆಂದು ಗೊತ್ತಾದಾಗ, ಮೊದಲೇ ಎಚ್ಚರಿಸಿದವರು ಯಾರು ಎಂಬುದೂ ಗೊತ್ತಿತ್ತು.

6. ಬೆಂಗಳೂರು 2023

ಕರ್ನಾಟಕಕ್ಕೆ ಮರಳೋಣ. 2013ರ ಮೇ ತಿಂಗಳಲ್ಲಿ ಕಾಂಗ್ರೆಸ್ ಶಾಸಕರ ಗುಪ್ತಮತದಾನದ ಬಳಿಕ ಸಿದ್ದರಾಮಯ್ಯನವರು ನಾಯಕರಾದರು. 2023ರ ಮೇ 13ರಂದು ಪಕ್ಷವು 135 ಸ್ಥಾನಗಳನ್ನು ಗೆದ್ದಾಗ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಇಬ್ಬರೂ ಆಕಾಂಕ್ಷಿಗಳಾಗಿದ್ದರು. ಮರುದಿನ ಶಾಸಕಾಂಗ ಪಕ್ಷದ ಸಭೆಗೆ ಬಂದ ಮೂವರು ವೀಕ್ಷಕರಲ್ಲಿ ನಮ್ಮ ಸೊಲ್ಲಾಪುರದ ಸುಶೀಲಕುಮಾರ ಶಿಂದೆಯವರೂ ಒಬ್ಬರು. ಆಯ್ಕೆಯನ್ನು ಪಕ್ಷದ ಅಧ್ಯಕ್ಷರಿಗೆ ಬಿಡುವ ಒಂದು ಸಾಲಿನ ಗೊತ್ತುವಳಿ ಸ್ವೀಕೃತವಾಯಿತು. ವೀಕ್ಷಕರು ಶಾಸಕರ ಅಭಿಪ್ರಾಯವನ್ನು ಸಂಗ್ರಹಿಸಿದರು. ಮೇ 18ರಂದು ದೆಹಲಿಯಿಂದ ನಿರ್ಣಯ ಹೊರಬಿದ್ದಿತು.

ಈ ಐದು ದಿನಗಳ ವರದಿಗಳಲ್ಲಿ ಪದೇ ಪದೇ ಬಂದ ಪದ 'ವರಿಷ್ಠರು'. ಮರಾಠಿಯಲ್ಲಿ ಇದಕ್ಕೆ 'ಪಕ್ಷಶ್ರೇಷ್ಠಿ'. ಒಂದರಲ್ಲಿ 'ವರಿಷ್ಠ', ಇನ್ನೊಂದರಲ್ಲಿ 'ಶ್ರೇಷ್ಠ'; ಎರಡೂ ಎಲ್ಲರಿಗಿಂತ ಮಿಗಿಲು ಎಂಬುದನ್ನು ಹೇಳುವ ರೂಪಗಳು. ಮಿಗಿಲಾದವರು ನಿರ್ಣಯಿಸುತ್ತಾರೆ ಎಂದಾಗ ಆಕಾಂಕ್ಷಿಯು ಅವರಿಗೆ ಕಾರಣ ಹೇಳಿದರೆ ಸಾಕಾಗುತ್ತದೆ, ಜನರಿಗೆ ಹೇಳಬೇಕಾಗುವುದಿಲ್ಲ. ಆಗ ಪತ್ರಿಕೆಗಳು ತೆರವಾದ ಜಾಗವನ್ನು ಜಾತಿಯ ಬಲ, ಪ್ರದೇಶದ ಬಲ, ಬೆಂಬಲಿಗ ಶಾಸಕರ ಸಂಖ್ಯೆ ಇವುಗಳಿಂದ ತುಂಬುತ್ತವೆ. ಪಂಪನ ಸಭೆಯಲ್ಲಿ ದ್ರೋಣನು ಕುಲದ ಮಾತೆತ್ತಿದಾಗ ಕರ್ಣನಿಗೆ ಅಲ್ಲಿಯೇ ಉತ್ತರ ಕೊಡಲು ಎಡೆಯಿತ್ತು. ಮುಚ್ಚಿದ ಕೋಣೆಯಲ್ಲಿ ಕುಲವು ಲೆಕ್ಕಕ್ಕೆ ಬಂದರೆ ಉತ್ತರ ಕೊಡುವವರು ಯಾರು?

7. ಪೂರ್ವಪಕ್ಷ ಮತ್ತು ಉತ್ತರ

ನಮ್ಮ ಶಾಸ್ತ್ರಪದ್ಧತಿಯಂತೆ ಎದುರು ನಿಲುವನ್ನು ಅದರ ಪೂರ್ಣ ಬಲದೊಡನೆ ಮಂಡಿಸೋಣ. ಮನೆಯ ಮಾತು ಬೀದಿಗೆ ಬಂದರೆ ಎದುರು ಪಕ್ಷಕ್ಕೆ ಅಸ್ತ್ರ ಸಿಗುತ್ತದೆ. ಇಂದು ಎದುರಾಳಿಯಾದವನೊಡನೆ ನಾಳೆ ಒಂದೇ ಮಂತ್ರಿಮಂಡಲದಲ್ಲಿ ಕುಳಿತುಕೊಳ್ಳಬೇಕು. ಮಾತಿನಲ್ಲಿ ಜಾಣನಾದವನು ಕೆಲಸದಲ್ಲಿ ಗಟ್ಟಿಗನಾಗಿರಬೇಕೆಂದಿಲ್ಲ. ಶಾಸಕರು ಒಬ್ಬರನ್ನೊಬ್ಬರು ಹತ್ತಿರದಿಂದ ಬಲ್ಲರು. ಅವರಿಗೆ ವೇದಿಕೆಯ ಭಾಷಣ ಬೇಕಿಲ್ಲ. ಈ ನಾಲ್ಕೂ ಮಾತುಗಳಲ್ಲಿ ತಿರುಳಿದೆ. ನಾಯಕತ್ವದ ವಾದವು ಜಲ್ಪವಾಗಿ ಪಕ್ಷವನ್ನೇ ಒಡೆದ ಸಂದರ್ಭಗಳು ಇತಿಹಾಸದಲ್ಲಿ ಇಲ್ಲದಿಲ್ಲ.

ಉತ್ತರವಿಷ್ಟು. ಮತ ಎಣಿಸಿದರೆ ನಾಯಕನು ಸಿಗುತ್ತಾನೆ. ಅವನು ಏತಕ್ಕೆ ನಾಯಕನಾದನು ಎಂಬುದು ಮಾತಿನಿಂದ ಮಾತ್ರ ಸಿಗುತ್ತದೆ. ಆ ಮಾತನ್ನು ಮುಂದೆ ಹಿಡಿದು ಕೇಳಬೇಕಾದವರು ದೊಡ್ಡ ಗುಂಪಿನವರಿಗಿಂತ ಹೆಚ್ಚಾಗಿ ಸಣ್ಣ ಗುಂಪಿನವರು. ನಮ್ಮ ಸ್ಥಿತಿಯನ್ನೇ ನೋಡಿರಿ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳಿಗೆ ಶಿಕ್ಷಕರು ಬರುವುದೂ ಬಾರದಿರುವುದೂ ಮುಂಬಯಿಯ ನಿರ್ಣಯ. ಇಲ್ಲಿ ಕನ್ನಡ ಕಲಿತವರಿಗೆ ಗಡಿಯಾಚೆ ದೊರೆಯುವ ಅವಕಾಶ ಬೆಂಗಳೂರಿನ ನಿರ್ಣಯ. ಎರಡೂ ಕಡೆ ನಾವು ಎಣಿಕೆಯಲ್ಲಿ ಕಡಿಮೆ. ಶಾಸಕರ ಸಂಖ್ಯೆಯಿಂದ ನಾಯಕನು ನಿಶ್ಚಯವಾಗುವಲ್ಲಿ ನಮ್ಮ ಭಾರ ಹಗುರ. ಆದರೆ ಆಕಾಂಕ್ಷಿಗಳು ಬಹಿರಂಗವಾಗಿ ಮಾತನಾಡುವಲ್ಲಿ ಒಂದು ಶಾಲೆಯ ಪ್ರಶ್ನೆಯನ್ನೂ ಕೇಳಬಹುದು, ಕೊಟ್ಟ ಉತ್ತರವನ್ನು ಬರೆದಿಟ್ಟುಕೊಳ್ಳಬಹುದು. ಎಣಿಕೆಯಲ್ಲಿ ಕಡಿಮೆಯಾದವರಿಗೆ ದಾಖಲಾದ ಮಾತೇ ಆಸ್ತಿ.

ಎರಡು ಭಾಷೆಗಳಲ್ಲಿ ಓದುವ ನಿಮಗೆ ಇಲ್ಲಿ ಒಂದು ಅನುಕೂಲವಿದೆ. ಒಂದೇ ಸ್ಪರ್ಧೆಯ ಸುದ್ದಿಯನ್ನು ಮರಾಠಿ ಪತ್ರಿಕೆಯಲ್ಲಿಯೂ ಕನ್ನಡ ಪತ್ರಿಕೆಯಲ್ಲಿಯೂ ಓದಿ, ಎಲ್ಲಿ ಹೇತುವಿದೆ, ಎಲ್ಲಿ ಕೇವಲ ಬಲಾಬಲದ ವರ್ಣನೆಯಿದೆ ಎಂದು ಗುರುತಿಸಬಲ್ಲಿರಿ. ವ್ಯಾಕರಣ, ಛಂದಸ್ಸುಗಳ ಅಭ್ಯಾಸದಷ್ಟೇ ಇದೂ ಕನ್ನಡ ಕಲಿಕೆಯ ಭಾಗ.

ಅಭ್ಯಾಸ

1. 'ಪಕ್ಷ' ಪದವು ಬರುವ ಐದು ಸಮಾಸಗಳನ್ನು ಬರೆದು, ಪ್ರತಿಯೊಂದರಲ್ಲಿ ಅದರ ಅರ್ಥವನ್ನು ಬಿಡಿಸಿರಿ.

2. ಭೀಷ್ಮ ಸೇನಾಧಿಪತ್ಯದ ಪ್ರಸಂಗವನ್ನು ಓದಿ, ಕರ್ಣ, ದ್ರೋಣ, ಭೀಷ್ಮರ ಮಾತುಗಳಲ್ಲಿ ಹೇತು ಯಾವುದು, ನಿಂದೆ ಯಾವುದು ಎಂದು ವಿಂಗಡಿಸಿರಿ.

3. ನಾಯಕತ್ವದ ಸ್ಪರ್ಧೆಯೊಂದರ ವರದಿಯನ್ನು ಕನ್ನಡ ಮತ್ತು ಮರಾಠಿ ಪತ್ರಿಕೆಗಳಿಂದ ಆಯ್ದು, ಆಕಾಂಕ್ಷಿಗಳು ತಾವೇ ಹೇಳಿದ ಕಾರಣಗಳನ್ನು ಒಂದು ಕಡೆಗೂ ವರದಿಗಾರರು ಊಹಿಸಿದ ಕಾರಣಗಳನ್ನು ಇನ್ನೊಂದು ಕಡೆಗೂ ಪಟ್ಟಿ ಮಾಡಿರಿ.

4. "ಪಕ್ಷದ ನಾಯಕತ್ವಕ್ಕೆ ಬಹಿರಂಗ ಚರ್ಚೆ ಬೇಕು" ಎಂಬ ಪ್ರತಿಜ್ಞೆಯನ್ನು ಐದು ಅವಯವಗಳಲ್ಲಿ ಮಂಡಿಸಿರಿ. ಅನಂತರ ಅದರ ವಿರುದ್ಧವಾಗಿಯೂ ಅಷ್ಟೇ ಪ್ರಾಮಾಣಿಕವಾಗಿ ಬರೆಯಿರಿ.

ಉತ್ತರಗಳನ್ನು ವಿಭಾಗಕ್ಕೆ ತಂದು ಒಪ್ಪಿಸಿರಿ. ನಾಲ್ಕನೆಯ ಪ್ರಶ್ನೆಯ ಎರಡೂ ಭಾಗಗಳನ್ನು ಬರೆದವರ ಉತ್ತರಗಳನ್ನೇ ತರಗತಿಯಲ್ಲಿ ಚರ್ಚೆಗೆ ಎತ್ತಿಕೊಳ್ಳಲಾಗುವುದು.