ಗಾಜಿನ ಜಾಡಿಯೂ ಮೇಣದ ದೀಪವೂ

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ, ಅಂತಿಮ ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನಾನು ತಲಕಾಡಿನ ಗಂಗರನ್ನು ಕುರಿತೋ ಬೆಲೆಯೇರಿಕೆಯನ್ನು ಕುರಿತೋ ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡದ್ದು ಖಾಲಿಯಾದ ಉಪ್ಪಿನಕಾಯಿ ಜಾಡಿಯನ್ನು. ಇದು ವಿದ್ವತ್ತಿನ ವಿಷಯವಲ್ಲವೆಂದು ಯಾರಾದರೂ ಮೂಗು ಮುರಿದರೆ ನನ್ನ ಆಕ್ಷೇಪವಿಲ್ಲ. ಆದರೆ ಕಳೆದ ಎರಡು ವರ್ಷಗಳಲ್ಲಿ ನಾನು ಕೈಯಾರೆ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದು ಇದೊಂದನ್ನೇ.

ನಮ್ಮ ತಂದೆಯವರದು ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಬದಿಗೆ ಒಂದು ಗುಜರಿ ಅಂಗಡಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬೆಳಗ್ಗೆ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಬಸ್ಸು ಹಿಡಿಯುವುದು, ಸಂಜೆ ಹಿಂದಿರುಗಿ ಅಂಗಡಿಯಲ್ಲಿ ಒಂದೆರಡು ಗಂಟೆ ಕಬ್ಬಿಣ, ರಟ್ಟು, ತಗಡುಗಳನ್ನು ಬೇರ್ಪಡಿಸುವುದು ನನ್ನ ದಿನಚರಿ. ಗುಜರಿಯವರ ಲೆಕ್ಕದಲ್ಲಿ ಗಾಜಿಗೆ ಎರಡು ಜಾತಿ. ಮತ್ತೆ ತುಂಬಲು ಬರುವ ಸೀಸೆ ಎಣಿಕೆಯ ಮೇಲೆ ಹೋಗುತ್ತದೆ; ಒಡೆದ ಗಾಜು ತೂಕದ ಮೇಲೆ ಹೋಗುತ್ತದೆ. ಇವೆರಡರ ನಡುವೆ ಅಗಲ ಬಾಯಿಯ ಜಾಡಿಯೊಂದಿದೆ. ಉಪ್ಪಿನಕಾಯಿ, ಜೇನು, ಜಾಮು, ಕಾಫಿಪುಡಿ ಬಂದ ಈ ಜಾಡಿಯನ್ನು ಮತ್ತೆ ತುಂಬುವವರಿಲ್ಲ. ಇಡಿಯಾಗಿದ್ದರೂ ಅದಕ್ಕೆ ಒಡೆದ ಗಾಜಿನ ಬೆಲೆಯೇ. ತಂದೆಯವರು ಅದನ್ನು ಚೀಲಕ್ಕೆ ಎಸೆಯುವ ಸದ್ದು ಕೇಳಿದಾಗಲೆಲ್ಲ ನನಗೆ ಏನೋ ಅನ್ಯಾಯವಾದಂತೆ ತೋರುತ್ತಿತ್ತು.

ಚೀಲಕ್ಕೂ ಬಾರದೆ ಉಳಿಯುವ ಗಾಜಿನ ಕಥೆ ಇದಕ್ಕಿಂತ ಕೆಟ್ಟದ್ದು. ಬಂಡೀಪುರದ ಮೇಲೆ ಊಟಿಗೆ ಹೋಗುವ ಪ್ರವಾಸಿಗರು ಬಿಸಾಡಿದ ಸೀಸೆ ಕಾಡಿನಂಚಿನಲ್ಲಿ ಒಡೆದು ಆನೆಯ ಪಾದವನ್ನೂ ದನದ ಗೊರಸನ್ನೂ ಸೀಳುತ್ತದೆ. ನಮ್ಮ ಗಡಿಯಾಚೆಯ ನೀಲಗಿರಿ ಜಿಲ್ಲೆಯಲ್ಲಿ ಈ ಕಾರಣಕ್ಕಾಗಿಯೇ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರಲ್ಲಿ ಒಂದು ಏರ್ಪಾಡಾಯಿತು. ಮದ್ಯದ ಸೀಸೆಗೆ 10 ರೂಪಾಯಿ ಹೆಚ್ಚು ಪಡೆಯುವುದು, ಖಾಲಿ ಸೀಸೆ ತಂದವರಿಗೆ ಆ ಹಣ ಹಿಂದಿರುಗಿಸುವುದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಅದು ಬಹಳ ಮೆಚ್ಚಿಗೆಯಾಯಿತು. ಜಾಡಿಗೆ ಮಾತ್ರ ಅಂಥ ಹತ್ತು ರೂಪಾಯಿಯ ಮರ್ಯಾದೆಯನ್ನು ಯಾರೂ ಕೊಟ್ಟಿಲ್ಲ.

ಎರಡು ವರ್ಷದ ಕೆಳಗೆ ದೀಪಾವಳಿಯ ಸಮಯದಲ್ಲಿ, ಈ ಜಾಡಿಗಳಿಗೆ ಬಣ್ಣ ಬಳಿದು ಒಳಗೆ ಮೇಣದಬತ್ತಿ ಇಟ್ಟರೆ ಹೇಗೆಂಬ ಯೋಚನೆ ಬಂತು. ಮೊದಲು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಜಾಡಿಗಿಂತ ಬಿಯರ್ ಸೀಸೆ ಚೆಂದವೆಂದು ತಿಳಿದು ಅದನ್ನು ಕತ್ತರಿಸಲು ಹೊರಟೆ. ಸ್ಪಿರಿಟ್ಟಿನಲ್ಲಿ ನೆನೆಸಿದ ದಾರವನ್ನು ಸೀಸೆಗೆ ಸುತ್ತಿ, ಹೊತ್ತಿಸಿ, ಕೂಡಲೆ ತಣ್ಣೀರಿಗೆ ಅದ್ದಿದರೆ ದಾರದ ಗುಂಟ ಬಿರುಕು ಬಿಡುತ್ತದೆಂದು ಕೇಳಿದ್ದೆ. ಬಿಡುತ್ತದೆ, ನಿಜ. ದಾರ ಬಿಟ್ಟು ತನ್ನಿಷ್ಟ ಬಂದ ಕಡೆಗೂ ಬಿಡುತ್ತದೆ. ನನ್ನ ಎಡ ಅಂಗೈಯಲ್ಲಿ ಐದು ಹೊಲಿಗೆಯ ಗುರುತು ಇನ್ನೂ ಇದೆ. ಆ ಸಲದ ಕಿರುಪರೀಕ್ಷೆ ತಪ್ಪಿಹೋಯಿತು. ಆದ್ದರಿಂದ ಸಹಪಾಠಿಗಳಲ್ಲಿ ನನ್ನ ಬಿನ್ನಹವೆಂದರೆ, ಸೀಸೆ ಕೊಯ್ಯುವ ಗೋಜಿಗೆ ಹೋಗಬೇಡಿ. ಅಗಲ ಬಾಯಿಯ ಜಾಡಿಗೆ ಆ ಕಷ್ಟವೇ ಇಲ್ಲ.

ಗಾಯ ಮಾಗಿದ ಮೇಲೆ ಆರು ಎತ್ತರದ ಜಾಡಿಗಳಿಗೆ ಬಣ್ಣ ಹಚ್ಚಿ, ಸಂಜೆ ಜಗಲಿಯ ಮೇಲೆ ಸಾಲಾಗಿ ಹೊತ್ತಿಸಿ, ಅಜ್ಜಿಯನ್ನು ಕರೆದು ತೋರಿಸಿದೆ. ಹೊಗಳುವರೆಂದು ಕಾದೆ. ಅಜ್ಜಿ ಒಂದನ್ನು ಬೆರಳ ತುದಿಯಿಂದ ಮೆಲ್ಲಗೆ ನೂಕಿದರು. ಅದು ವಾಲಿ, ನನ್ನ ಕೈಗೆ ಸಿಕ್ಕದಿದ್ದರೆ ಕೆಳಕ್ಕೆ ಬೀಳುತ್ತಿತ್ತು.

“ಇದು ದೀಪವಾ ಕಂಬವಾ ಕೂಸೆ? ಬುಡ ಅಗಲ ಇರ್ಬೇಕು ಕನಪ್ಪ” ಎಂದು ಸೆರಗು ಸರಿಸಿ ಮೊಳಕೈ ತೋರಿಸಿದರು. ಮಣಿಕಟ್ಟಿನಿಂದ ಮೊಳಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ, ಕೇಳಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಮುಂದೆ ಬುಡ್ಡಿ ಉರುಳಿ ಸೀಮೆಎಣ್ಣೆ ಚೆಲ್ಲಿ ಆದದ್ದಂತೆ. “ಸೀರೆ ಹತ್ಕೊಂಡಿದ್ರೆ ನೀನೆಲ್ಲಿರ್ತಿದ್ದೆ?” ಎಂದು ನಕ್ಕರು.

ಬುಡ್ಡಿ ಎಂದರೇನೆಂದು ಈಗಿನ ಸ್ನೇಹಿತರಲ್ಲಿ ಕೆಲವರಿಗೆ ವಿವರಿಸಬೇಕಾದೀತು. ಔಷಧಿಯದೋ ಶಾಯಿಯದೋ ಖಾಲಿ ಸೀಸೆ, ತಗಡಿನ ಮುಚ್ಚಳಕ್ಕೊಂದು ತೂತು, ಅದರಲ್ಲೊಂದು ತಗಡಿನ ಕೊಳವೆ, ಕೊಳವೆಯಲ್ಲಿ ಹಳೆಯ ಬಟ್ಟೆಯ ಬತ್ತಿ, ಒಳಗೆ ಸೀಮೆಎಣ್ಣೆ. ಹಳೆಯ ಗಾಜಿನಿಂದ ದೀಪ ಮಾಡುವ ವಿದ್ಯೆ ನಮ್ಮ ಹಳ್ಳಿಗಳಿಗೆ ಹೊಸತಲ್ಲವೆಂದಾಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ತಲುಪಿತೆಂದು ನಾವು ಪಾಠದಲ್ಲಿ ಓದುತ್ತೇವೆ. ಆ ಜಲಪಾತದ ಭರಚುಕ್ಕಿಯ ಮಗ್ಗುಲು ಇಂದು ನಮ್ಮ ಜಿಲ್ಲೆಗೇ ಸೇರಿದೆ. ಆದರೂ ಅಲ್ಲಿಂದಾಚೆಗೆ ಎಷ್ಟೋ ದಶಕ ನಮ್ಮ ಕಡೆಯ ಮನೆಗಳು ಬುಡ್ಡಿಯ ಬೆಳಕಿನಲ್ಲಿಯೇ ಇದ್ದವು. ನಮ್ಮ ತಂದೆ ಏಳನೆಯ ತರಗತಿಯವರೆಗೆ ಓದಿದ್ದು ಅದರ ಮುಂದೆಯೇ.

ಅಜ್ಜಿಯ ಮಾತು ತಲೆಯಲ್ಲಿ ಕೊರೆಯುತ್ತಿದ್ದಾಗ ಸಿಂಹಳದ ವೈದ್ಯರೊಬ್ಬರ ವಿಷಯ ಓದಲು ಸಿಕ್ಕಿತು. ವಿಜಯ ಗೋಡಕುಂಬುರ ಎಂಬ ಈ ಶಸ್ತ್ರಚಿಕಿತ್ಸಕರು ಸೀಸೆ ದೀಪ ಉರುಳಿ ಸುಟ್ಟುಕೊಂಡು ಬರುವ ಬಡವರಿಗೆ ಚಿಕಿತ್ಸೆ ಮಾಡಿ ಮಾಡಿ ಬೇಸತ್ತು, ರೋಗಕ್ಕಲ್ಲ, ದೀಪಕ್ಕೇ ಮದ್ದು ಹುಡುಕಿದರು. ಮಾರ್ಮೈಟ್ ಎಂಬ ತಿನಿಸು ಬರುವ ಗಿಡ್ಡ ಸೀಸೆಯ ಆಕಾರ ಅವರಿಗೆ ದಾರಿ ತೋರಿಸಿತು. 1990ರ ದಶಕದ ಮೊದಲಲ್ಲಿ ಅವರು ರೂಪಿಸಿದ ‘ಸುದೀಪ’ ಗಿಡ್ಡ, ಭಾರ. ಉರುಳಿದರೂ ಹೊರಳದಂತೆ ಎರಡು ಮಗ್ಗುಲು ಚಪ್ಪಟೆ. ಎಣ್ಣೆ ಚೆಲ್ಲದಂತೆ ತಿರುಗಿಸಿ ಬಿಗಿಯುವ ಲೋಹದ ಮುಚ್ಚಳ. ಹಳೆಯ ಗಾಜನ್ನು ಕರಗಿಸಿ ಅದನ್ನು ಲಕ್ಷಗಟ್ಟಲೆ ಮಾಡಿ ಹಂಚಿದರು. 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಅದನ್ನು ಅಜ್ಜಿಗೆ ಓದಿ ಹೇಳಿದೆ. ಆ ಮಹಾರಾಯನಿಗೆ ಗೊತ್ತಾದದ್ದು ತಮಗೆ ಮೊದಲೇ ಗೊತ್ತಿತ್ತೆಂಬಂತೆ ತಲೆದೂಗಿದರು.

ಅಲ್ಲಿಂದ ಎತ್ತರದ ಜಾಡಿಗಳನ್ನು ಕೈಬಿಟ್ಟೆ. ಈಗ ನಾನು ಹಿಡಿದಿರುವ ಅಳತೆ ಇಷ್ಟು: ಜಾಡಿಯ ಎತ್ತರ ಅದರ ಬುಡದ ಅಗಲದ ಒಂದೂವರೆ ಪಾಲನ್ನು ಮೀರಬಾರದು. ಒಳಗೆ ಭಾರಕ್ಕೆ ಕರಿಕಲ್ಲಿನ ಚೂರು ಹಾಕುತ್ತೇನೆ. ಚಾಮರಾಜನಗರದ ಕರಿಕಲ್ಲು ದೇಶಾಂತರಗಳಲ್ಲಿ ಹೆಸರುವಾಸಿ. ಗಣಿಯ ಬಳಿ ಅದರ ಚೂರಿಗೆ ಬರವಿಲ್ಲ. ಚೂರಿನ ಮೇಲೆ ಒಂದು ಅಂಗುಲ ಒಣ ಮರಳು, ಮರಳಿನ ನಡುವೆ ಬತ್ತಿ. ಕಲ್ಲೂ ಮರಳೂ ಎರಡು ದಿನ ಬಿಸಿಲಲ್ಲಿ ಒಣಗಿರಲೇಬೇಕು.

ಮರಳು ಭಾರಕ್ಕೆ ಮಾತ್ರವಲ್ಲ. ಮಾಮೂಲಿ ಜಾಡಿಯ ಗಾಜಿನಲ್ಲಿ ನೂರಕ್ಕೆ ಸುಮಾರು 70 ಪಾಲು ಸಿಲಿಕಾ, ಎಂದರೆ ಮರಳಿನ ಸತ್ವ. ಉಳಿದದ್ದು ಬಹುಪಾಲು ಸೋಡಾ ಮತ್ತು ಸುಣ್ಣ. ಇದು ಶಾಖವನ್ನು ಬೇಗ ಹರಡದು. ಒಂದು ಕಡೆ ಬಿಸಿಯಾಗಿ ಹಿಗ್ಗಿದಾಗ ಪಕ್ಕದ ಭಾಗ ತಣ್ಣಗೆ ಕುಳಿತಿರುತ್ತದೆ. ಆ ಜಗ್ಗಾಟದಲ್ಲಿ ಬಿರುಕು ಹುಟ್ಟುತ್ತದೆ. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜು ಇದರ ಮೂರನೆಯ ಒಂದು ಪಾಲಿನಷ್ಟೇ ಹಿಗ್ಗುವುದರಿಂದ ಬೆಂಕಿಯನ್ನು ತಾಳುತ್ತದೆ. ಉಪ್ಪಿನಕಾಯಿ ಜಾಡಿಗೆ ಆ ತಾಳ್ಮೆಯಿಲ್ಲ. ದಪ್ಪ ಗಾಜಾದರೆ ಇನ್ನೂ ಕಷ್ಟ. ಬತ್ತಿ ಪೂರ್ತಿ ಉರಿದು ಜ್ವಾಲೆ ತಳಕ್ಕೆ ಮುಟ್ಟುವ ಕೊನೆಯ ಹತ್ತು ನಿಮಿಷದಲ್ಲಿಯೇ ನನ್ನ ಮೂರು ಜಾಡಿಗಳು ಸೀಳಿದವು. ಮರಳು ಹಾಕಿದ ಮೇಲೆ ತಳ ಒಡೆದದ್ದಿಲ್ಲ. ಬತ್ತಿಗೂ ಗೋಡೆಗೂ ಎರಡು ಬೆರಳು ಅಂತರವಿರಬೇಕೆಂಬುದೂ ಇದೇ ಕಾರಣಕ್ಕೆ. ಉರಿಯುವ ಮೇಣಕ್ಕೆ ಮಾತ್ರ ಯಾವ ಕಾಲಕ್ಕೂ ನೀರು ಸುರಿಯಬೇಡಿ. ನೀರು ಥಟ್ಟನೆ ಆವಿಯಾಗಿ ಬೆಂಕಿಯನ್ನು ಮುಖಕ್ಕೆ ಎರಚುತ್ತದೆ. ಆರಿಸಬೇಕಾದರೆ ಬಾಯಿಗೆ ಒಂದು ತಟ್ಟೆ ಮುಚ್ಚಿದರೆ ಸಾಕು.

ಬಾಯಿ ಎಂದೊಡನೆ ಇನ್ನೊಂದು ಸಂಗತಿ. ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಮಕ್ಕಳಿಗಾಗಿ ಒಂದು ಮೇಣದಬತ್ತಿಯನ್ನೇ ಹಿಡಿದು ಮಾಡಿದ ಉಪನ್ಯಾಸಗಳು 1861ರಲ್ಲಿ ಪುಸ್ತಕವಾದವು. ಅದರಿಂದ ಧೈರ್ಯಗೊಂಡು ನಾನೂ ಒಂದು ಪರೀಕ್ಷೆ ಮಾಡಿದೆ. ಕಿರಿದಾದ ಕತ್ತಿನ ಸೀಸೆಯೊಳಗೆ ಬತ್ತಿ ಹೊತ್ತಿಸಿದರೆ ಸ್ವಲ್ಪ ಹೊತ್ತಿಗೆ ತೊಳಲಾಡಿ, ಹೊಗೆಯುಗುಳಿ ಆರುತ್ತದೆ. ಬಿಸಿಗಾಳಿ ಮೇಲೆ ಬರಲೂ ಹೊಸಗಾಳಿ ಕೆಳಗಿಳಿಯಲೂ ಅದೇ ಒಂದು ಬಾಗಿಲು. ಎರಡೂ ಅಲ್ಲಿ ಹೊಯ್ದಾಡುತ್ತವೆ. ತಂದೆಯವರ ರಾಶಿಯಿಂದ ಒಂದು ತಗಡಿನ ಪಟ್ಟಿ ತಂದು ಆ ಕತ್ತಿನಲ್ಲಿ ನಡುಗೋಡೆಯಂತೆ ಇಳಿಬಿಟ್ಟು ಮತ್ತೆ ಹೊತ್ತಿಸಿದೆ. ಗಾಳಿ ಒಂದು ಕಡೆಯಿಂದ ಇಳಿದು ಇನ್ನೊಂದು ಕಡೆಯಿಂದ ಏರಿತು; ಬತ್ತಿ ಉರಿಯುತ್ತಲೇ ಇತ್ತು. ಊದುಕಡ್ಡಿಯ ಹೊಗೆ ಹಿಡಿದರೆ ಈ ಇಳಿತ ಏರಿತ ಕಣ್ಣಿಗೇ ಕಾಣುತ್ತದೆ. ವಿಜ್ಞಾನದ ತರಗತಿಯ ಮುಖ ಕಾಣದ ನಾನು ಅಂದು ರಾತ್ರಿ ಅದನ್ನು ಎಂಟು ಸಲ ಮಾಡಿದೆ. ಅಗಲ ಬಾಯಿಯ ಜಾಡಿಗೆ ಈ ನಡುಗೋಡೆ ಬೇಡ. ಜಾಡಿಯ ಗೋಡೆ ಬೀಸುಗಾಳಿಯನ್ನು ತಡೆಯುತ್ತದೆ, ಬಾಯಿ ಉಸಿರಾಟಕ್ಕೆ ತೆರೆದಿರುತ್ತದೆ. ಗುಂಡ್ಲುಪೇಟೆಯ ಆಷಾಢದ ಗಾಳಿಯಲ್ಲಿ ಬರಿಯ ಬತ್ತಿ ಹೊತ್ತಿಸಿ ನೋಡಿದವರಿಗೆ ಇದರ ಬೆಲೆ ತಿಳಿದೀತು.

ಇನ್ನು ಅಲಂಕಾರ. ಚೀಟಿ ಬಿಡಿಸಲು ಜಾಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಬಿಟ್ಟು, ಬೆಳಗ್ಗೆ ಸೀಗೆಪುಡಿ, ಬೂದಿಗಳಿಂದ ತಿಕ್ಕಬೇಕು. ಒಂದು ಎಳೆ ಹತ್ತಿಯನ್ನು ಬಾಯಿಯ ಅಂಚಿನ ಸುತ್ತ ಎಳೆದುನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಅಂಚು ಚಕ್ಕೆಯೆದ್ದಿದೆ, ಆ ಜಾಡಿ ಬೇಡ. ಅಂಗಡಿಯ ಬಣ್ಣಗಳಲ್ಲಿ ನನಗೆ ರುಚಿಯಿಲ್ಲ. ಬಿಸಿಗೆ ವಾಸನೆ ಬರುತ್ತದೆ, ಕೆಲವು ಹೊತ್ತಿಯೂ ಕೊಳ್ಳುತ್ತವೆ. ಹುಣಿಸೆಯ ಒಂದು ಕುಡಿಯನ್ನು ಜಾಡಿಯ ಹೊರಮೈಗೆ ಗಂಜಿಯಿಂದ ಅಂಟಿಸಿ, ಅದರ ಮೇಲೆ ಫೆವಿಕಾಲ್ ಬೆರೆಸಿದ ಸುಣ್ಣವನ್ನು ಬಟ್ಟೆಯ ಉಂಡೆಯಿಂದ ತಟ್ಟಿ, ಅರೆ ಒಣಗಿದಾಗ ಕುಡಿಯನ್ನು ಮೆಲ್ಲಗೆ ಎಬ್ಬಿಸುವುದು ನನ್ನ ಕ್ರಮ. ಸುತ್ತ ಹಾಲಿನಂಥ ಬಿಳುಪು, ನಡುವೆ ಎಲೆಯಾಕಾರದ ಬರಿಗಾಜು. ದೀಪ ಹೊತ್ತಿಸಿದರೆ ಹುಣಿಸೆಯ ಸಣ್ಣೆಲೆಗಳು ಒಂದೊಂದಾಗಿ ಬೆಳಕಾಗಿ ಗೋಡೆಯ ಮೇಲೆ ಬೀಳುತ್ತವೆ. ಹೊಂಗೆಯೆಲೆಯೂ ಆದೀತು, ಆದರೆ ಹುಣಿಸೆಯ ಸೊಗಸಿಲ್ಲ. ಬಾಯಿಯಿಂದ ಮೂರು ಬೆರಳು ಕೆಳಗಿನವರೆಗೆ ಏನನ್ನೂ ಹಚ್ಚಬಾರದು. ಗೋಣಿದಾರ ಸುತ್ತುವ ಆಸೆಯಿದ್ದರೆ ಬುಡಕ್ಕೆ ಮಾತ್ರ.

ಈ ವರ್ಷ ಕಾಲೇಜಿನ ವಸ್ತುಪ್ರದರ್ಶನಕ್ಕೆ ಇಂಥ ಇಪ್ಪತ್ತನಾಲ್ಕು ದೀಪಗಳನ್ನು ಬಸ್ಸಿನಲ್ಲಿ ಎರಡು ಸಲ ಹೊತ್ತು ತಂದೆ. ಒಂದು ತೆರಕಣಾಂಬಿಯ ಹಂಪಿನಲ್ಲಿ ಒಡೆಯಿತು. ಉಳಿದವನ್ನು ತಲಾ 40 ರೂಪಾಯಿಗೆ ಕೇಳಿದಾಗ ಹತ್ತೊಂಬತ್ತು ಹೋದವು. ತಂದೆಯವರಿಗೆ ಹಣ ಕೊಡಲು ಹೋದೆ. ಅವರು ಎಣಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಗುಜರಿ ಬ್ಯಾಡ ಅಂತ ಕಾಲೇಜಿಗೆ ಕಳ್ಸುದ್ರೆ, ನೀನು ಗುಜರಿನೇ ಕಾಲೇಜಿಗೆ ಹೊತ್ಕೊಂಡೋದ್ಯಲ್ಲ ಮಗ” ಎಂದರು. ಬೈದರೋ ಮೆಚ್ಚಿದರೋ ಅಂದು ತಿಳಿಯಲಿಲ್ಲ.

ಕಳೆದ ತಿಂಗಳು ಮಳೆಗಾಳಿಗೆ ಕರೆಂಟು ಹೋದ ರಾತ್ರಿ, ಅಜ್ಜಿ ನನ್ನನ್ನು ಕೇಳದೆಯೇ ಕಿಟಕಿಯ ಮೇಲಿದ್ದ ಗಿಡ್ಡ ಜಾಡಿಯನ್ನು ಇಳಿಸಿ, ಬೆರಳಿನಿಂದ ಒಮ್ಮೆ ನೂಕಿ ನೋಡಿ, ಹೊತ್ತಿಸಿ ಒಲೆಯ ಬಳಿ ಇಟ್ಟುಕೊಂಡರು. ಮರುದಿನ ಅಂಗಡಿಗೆ ಹೋದಾಗ ತೂಕದ ಗಾಜಿನ ಪಕ್ಕದಲ್ಲಿ ಇನ್ನೊಂದು ಚೀಲ ಬೇರೆಯಾಗಿ ನಿಂತಿತ್ತು. ತಂದೆಯವರು ಅದರ ಮೇಲೆ ಸೀಮೆಸುಣ್ಣದಲ್ಲಿ ‘ಗಿಡ್ಡ’ ಎಂದು ಬರೆದಿದ್ದರು. ಅದರಲ್ಲಿ ಸದ್ಯಕ್ಕೆ ಹದಿನೇಳು ಜಾಡಿಗಳಿವೆ. ಬೇಕಾದ ಸ್ನೇಹಿತರು ಕೇಳಬಹುದು. ತೊಳೆದುಕೊಳ್ಳುವ ಕೆಲಸ ಮಾತ್ರ ಅವರದೇ.