ಪುಟ್ಟ ವಿಮಾನದ ತೂಕ: ಅಭ್ಯಾಸ ಬೋಧನೆಯಲ್ಲಿ ಒಂದು ತಪ್ಪು ಲೆಕ್ಕ

ಗುಡಗೇರಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ನಾನು ತೆಗೆದುಕೊಂಡ ಅಭ್ಯಾಸ ಪಾಠದ ವಿಷಯ ಅನುಪಾತ. ಕಲಿಕೋಪಕರಣವಾಗಿ ಒಯ್ದದ್ದು ಗೆಳೆಯನಿಂದ ಎರವಲು ತಂದ ಲೋಹದ ಮಾದರಿ: ಸ್ಪಿಟ್‌ಫೈರ್ ಯುದ್ಧವಿಮಾನ, 1:72 ಅಳತೆಯದು. ಇದರ ಮೂಲ ವಿಮಾನ ಪಿ7350, 1940ರ ಬ್ರಿಟನ್ ಕದನದಲ್ಲಿ ಹಾರಿದ್ದು. 1968ರಲ್ಲಿ ಚಲನಚಿತ್ರವೊಂದಕ್ಕಾಗಿ ದುರಸ್ತಿಯಾಗಿ ಮತ್ತೆ ಹಾರಿತು. ಆಮೇಲೆ ಬ್ರಿಟನ್ ವಾಯುಪಡೆಯ ಸ್ಮಾರಕ ದಳ ಸೇರಿತು. ಅದೇ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, ಆರಂಭಿಸಿದ್ದನ್ನೂ ಹೇಳಿದೆ. ಪೀಠಿಕೆಗೆ ಪಾಠ ಯೋಜನೆಯಲ್ಲಿ ಐದು ನಿಮಿಷ ಬರೆದಿದ್ದೆ, ಹನ್ನೆರಡು ಹಿಡಿಯಿತು.

ಮಕ್ಕಳು ರೆಕ್ಕೆಯನ್ನು ತುದಿಯಿಂದ ತುದಿಗೆ ಅಳೆದರು: 15.6 ಸೆಂ.ಮೀ. 72ರಿಂದ ಗುಣಿಸಿದಾಗ 1,123 ಸೆಂ.ಮೀ.; ನಿಜವಾದ ಅಳತೆ 11.23 ಮೀಟರ್. ಅಲ್ಲಿಗೇ ನಿಲ್ಲಿಸಬೇಕಿತ್ತು. ಹುರುಪಿನಲ್ಲಿ ತೂಕಕ್ಕೂ ಕೈ ಹಾಕಿದೆ. ಹಾರಲು ಸಿದ್ಧವಾದ ಇಂಥ ವಿಮಾನದ ತೂಕ ಸುಮಾರು 2,800 ಕೆ.ಜಿ. ಅದನ್ನೂ 72ರಿಂದ ಭಾಗಿಸಿ, ಮಾದರಿಯ ತೂಕ 38.9 ಕೆ.ಜಿ. ಎಂದು ಹಲಗೆಯ ಮೇಲೆ ಬರೆದೆ.

"ಸರ್, ಅದು ಒಂದ್ ಚೀಲ ಮೆಣಸಿನಕಾಯಿ ಹತ್ರ ಬಂತಲ್ರಿ. ನೀವು ಒಂದ ಕೈಯಾಗ ಹಿಡದೀರಿ?" ಎಂದಳು ಹಿಂದಿನ ಬೆಂಚಿನ ಹುಡುಗಿ. ತರಗತಿ ನಕ್ಕಿತು. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ಪೆನ್ನು ಕೆಳಗಿಟ್ಟರು. "ನಾಳೆ ನೋಡೋಣ" ಎಂದೆ. ಬಿಎಸ್ಸಿ ಓದಿದವನು ಇಷ್ಟು ತಪ್ಪಿದ್ದು ನನಗೇ ನಾಚಿಕೆಯಾಯಿತು.

ಮರುದಿನ ಲೂಡೋ ದಾಳಗಳನ್ನು ಹಂಚಿದೆ. ಅಂಚು ಎರಡು ಪಟ್ಟಾದರೆ 8 ದಾಳ ಬೇಕು, ಮೂರು ಪಟ್ಟಾದರೆ 27 ಎಂದು ಅವರೇ ಜೋಡಿಸಿ ಕಂಡುಕೊಂಡರು. ಹಾಗಾದರೆ ಭಾಗಿಸಬೇಕಾದ್ದು 72ರ ಘನದಿಂದ, 3,73,248ರಿಂದ. ಉತ್ತರ 7.5 ಗ್ರಾಂ. ಪ್ರಯೋಗಾಲಯದ ತಕ್ಕಡಿಯಲ್ಲಿಟ್ಟರೆ 120 ಗ್ರಾಂ ತೋರಿಸಿತು, ಹದಿನಾರು ಪಟ್ಟು!

ಯಾಕೆ? ಯೋಜನೆಯಲ್ಲಿ ಇಲ್ಲದ ಈ ಪ್ರಶ್ನೆಯೇ ಉಳಿದ ಅವಧಿಯನ್ನೆಲ್ಲ ತೆಗೆದುಕೊಂಡಿತು. ನಿಜ ವಿಮಾನದ್ದು ತೆಳು ಅಲ್ಯೂಮಿನಿಯಂ ತಗಡಿನ ಹೊದಿಕೆ, ಒಳಗೆ ಬಹುಪಾಲು ಟೊಳ್ಳು. ಮಾದರಿ ಮಾಡುವಾಗ ಕರಗಿಸಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬುತ್ತಾರೆ. ಸತುವಿನ ಸಾಂದ್ರತೆ ಅಲ್ಯೂಮಿನಿಯಂನ ಸುಮಾರು ಎರಡೂವರೆ ಪಟ್ಟು. ಒಂದು ಮಿ.ಮೀ. ತಗಡನ್ನು 72 ಪಟ್ಟು ತೆಳುವಾಗಿಸಿದರೆ 0.014 ಮಿ.ಮೀ., ಕಾಗದಕ್ಕಿಂತ ತೆಳು. ಅಷ್ಟು ತೆಳ್ಳಗೆ ಎರಕ ಹೊಯ್ಯಲಾಗದು. ಹಾಗಾಗಿ ಮಾದರಿಯ ಗೋಡೆ ದಪ್ಪ. "ಆಕಾರಕ್ಕಷ್ಟ ಸ್ಕೇಲ್ ಐತಿ, ಗ್ವಾಡಿಗಿಲ್ಲ" ಎಂದು ಒಬ್ಬ ಹುಡುಗ ಹೇಳಿದ್ದನ್ನು ಹಾಗೇ ಹಲಗೆಯ ಮೇಲೆ ಬರೆದೆ.

ಈ ಉಪಕರಣ ಬಳಸುವ ಸಹಪಾಠಿಗಳು ಮೊದಲು ಅದನ್ನು ತೂಗಿಕೊಂಡು ಹೋಗಿರಿ. ನನ್ನ ಪಾಠ ಯೋಜನೆಯಲ್ಲಿ 38.9 ಅನ್ನು ಅಳಿಸಿಲ್ಲ, ಪಕ್ಕದಲ್ಲಿ ಆ ಹುಡುಗಿಯ ಪ್ರಶ್ನೆ ಬರೆದಿಟ್ಟಿದ್ದೇನೆ.