ವಿಶ್ವವಿದ್ಯಾನಿಲಯಕ್ಕಿಂತ ಹಳೆಯದಾದ ಜಯಲಕ್ಷ್ಮಿ ವಿಲಾಸ

ಪ್ರಶ್ನೆ: ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ಅತ್ಯಂತ ಹಳೆಯ ಕಟ್ಟಡ ಜಯಲಕ್ಷ್ಮಿ ವಿಲಾಸ, ಅದು 1905ರದ್ದು ಎನ್ನುತ್ತಾರೆ. ಆದರೆ ವಿಶ್ವವಿದ್ಯಾನಿಲಯ ಶುರುವಾದದ್ದೇ 1916ರಲ್ಲಿ. ಹಾಗಾದರೆ ಆ ಕಟ್ಟಡವನ್ನು ಕಟ್ಟಿಸಿದವರು ಯಾರು, ಯಾತಕ್ಕೆ?

ಉತ್ತರ: ನಿಮ್ಮ ಸಂಶಯ ಸಹಜವಾದದ್ದು. ನೀವು ಕೇಳಿರುವ ಎರಡು ಇಸವಿಗಳೂ ಸರಿಯೇ. ಆ ಕಟ್ಟಡವನ್ನು ಕಟ್ಟಿಸಿದ್ದು ಪಾಠ ಹೇಳುವುದಕ್ಕಲ್ಲ, ವಾಸಕ್ಕೆ.

ಹತ್ತನೇ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಕ್ಕ. ಅವರಿಗಾಗಿ ನಾಲ್ವಡಿಯವರ ಆಳ್ವಿಕೆಯಲ್ಲಿ ಕುಕ್ಕರಹಳ್ಳಿ ಕೆರೆಯ ಪಶ್ಚಿಮದ ದಿಣ್ಣೆಯ ಮೇಲೆ ಎದ್ದದ್ದು ಈ ಅರಮನೆ. ಅವರ ಪತಿ ಎಂ. ಕಾಂತರಾಜ ಅರಸರು ಮುಂದೆ, 1919ರಲ್ಲಿ, ಮೈಸೂರಿನ ದಿವಾನರಾದರು. ಹೊರಗಿನ ಸಾಲುಕಂಬಗಳಲ್ಲಿ ಯುರೋಪಿನ ಛಾಯೆ ಇದ್ದರೂ ಒಳಗೆ ಕಲ್ಯಾಣ ಮಂಟಪವಿದೆ, ಕೆತ್ತನೆಯ ಮರದ ಬಾಗಿಲುಗಳಿವೆ. ಅದರ ನಿಜವಾದ ಸೊಗಸು ಒಳಹೊಕ್ಕ ಮೇಲೆಯೇ ತಿಳಿಯುವುದು ಎಂದು ನನ್ನ ಅಭಿಪ್ರಾಯ.

1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದಾಗ ಈ ಅರಮನೆಗೂ ಅದಕ್ಕೂ ಸಂಬಂಧವಿರಲಿಲ್ಲ. ಆಗ ಪಾಠಗಳು ನಡೆಯುತ್ತಿದ್ದುದು ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳಲ್ಲಿ. ಅನೇಕರು ಎಡವುವುದು ಇಲ್ಲಿಯೇ. ಜಯಲಕ್ಷ್ಮಿ ವಿಲಾಸವನ್ನು ಅತ್ಯಂತ ಹಳೆಯದು ಎನ್ನುವುದು ಮಾನಸಗಂಗೋತ್ರಿಯ ಆವರಣದ ಮಟ್ಟಿಗೆ ಮಾತ್ರ. ಇಡೀ ವಿಶ್ವವಿದ್ಯಾನಿಲಯವನ್ನು ಲೆಕ್ಕಕ್ಕೆ ಹಿಡಿದರೆ ಮಹಾರಾಜಾ ಕಾಲೇಜಿನ ಕಟ್ಟಡ ಇದಕ್ಕಿಂತ ಹಿರಿಯದು. ಅದು 19ನೇ ಶತಮಾನಕ್ಕೆ ಸೇರಿದ್ದು. ಆಡಳಿತ ಕಚೇರಿಯಿರುವ ಕ್ರಾಫರ್ಡ್ ಭವನವಂತೂ ಕೆರೆಯ ಆಚೆ ಬದಿಯಲ್ಲಿದೆ, ವಯಸ್ಸಿನಲ್ಲೂ ಚಿಕ್ಕದು.

ಅರಮನೆ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು ಆಮೇಲೆ. ಕವಿ ಕುವೆಂಪು ಅವರು 1956ರಿಂದ 1960ರವರೆಗೆ ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದರು. ಇಂದು ಕುಲಪತಿ ಎನ್ನುವ ಹುದ್ದೆಗೆ ಆಗ ಇದ್ದ ಹೆಸರು ಅದು. ಸ್ನಾತಕೋತ್ತರ ವಿಭಾಗಗಳೆಲ್ಲ ಒಂದೇ ಕಡೆ ಇರಬೇಕು ಎಂಬುದು ಅವರ ಆಸೆ. ಅದಕ್ಕೆ ವಿಶಾಲವಾದ ಜಾಗ ಬೇಕಿತ್ತು. ಅರಮನೆಯೂ ಸುತ್ತಲಿನ ಜಮೀನೂ ವಿಶ್ವವಿದ್ಯಾನಿಲಯದ ವಶಕ್ಕೆ ಬಂದದ್ದು ಹೀಗೆ. 1960ರಲ್ಲಿ ಆರಂಭವಾದ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಅಂದರೆ ಮನೆ ಮೊದಲು, ಆವರಣ ಆಮೇಲೆ.

1960ರ ದಶಕದ ಕೊನೆಗೆ ಈ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ತೊಗಲುಬೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ಹಳ್ಳಿಮನೆಗಳ ಪಾತ್ರೆಪಡಗಗಳು ರಾಜಕುಮಾರಿಯ ಮನೆ ಸೇರಿದವು. ಇದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಕಾಲ ಕಳೆದಂತೆ ಕಟ್ಟಡ ಶಿಥಿಲವಾಗಿ, ಈ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ಕಂಡಿತು.

ಇನ್ನೊಂದು ಮಾತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವ ಅರಮನೆಯೇ ಇದು ಎಂದು ಕೆಲವರು ತಿಳಿಯುವುದುಂಟು. ಅದು ಚೆಲುವಾಂಬ ವಿಲಾಸ. ಕಟ್ಟಿಸಿದ್ದು ಮೂರನೆಯ ರಾಜಕುಮಾರಿಗಾಗಿ. ನೀವು ಮಾನಸಗಂಗೋತ್ರಿಗೆ ಹೋಗುವುದಾದರೆ ವಸ್ತುಸಂಗ್ರಹಾಲಯ ಅಂದು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ.